ನಿಂತರೆ ಬಿಸಿ, ಓಡಿದರೆ ತಂಪು

ನನ್ನ ಕಾರಿನ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಒಂದು ಹಳೆಯ ಹಲ್ಲುಜ್ಜುವ ಬ್ರಷ್ ಇದೆ. ಅದರ ಕೂದಲೆಲ್ಲ ಅಚ್ಚ ಹಳದಿ. ಬಡೆಸೋಪಿಗೋ ಗಾಡಿಯ ಕಾಗದಕ್ಕೋ ಗೂಡು ತೆರೆದವರು ಮೊದಲು ಆ ಬ್ರಷ್ ನೋಡುತ್ತಾರೆ, ಆಮೇಲೆ ಮೆಲ್ಲಗೆ ನನ್ನ ಬಾಯಿಯ ಕಡೆ ನೋಡುತ್ತಾರೆ. ನಾನೂ ಬೇಕೆಂದೇ ಬಾಯಿ ಅಗಲಿಸಿ ನಗುತ್ತೇನೆ. ನನ್ನ ಹಲ್ಲು ಬೆಳ್ಳಗೇ ಇವೆ, ಉಳಿದಷ್ಟು.

ಆ ಬ್ರಷ್ ಉಜ್ಜಿದ್ದು ಹಲ್ಲನ್ನಲ್ಲ, ಕಾರಿನ ಎ.ಸಿ.ಯನ್ನು. ಎ.ಸಿ.ಗೆ ಯಾರಾದರೂ ಬ್ರಷ್ ಹಾಕುತ್ತಾರೆಯೇ ಎಂದು ನಗಬೇಡಿ, ಹೇಳುತ್ತೇನೆ. ಆದರೆ ಜೀವಮಾನವೆಲ್ಲ ಕನ್ನಡ ಶಾಲೆಯಲ್ಲಿ ಕಲಿಸಿದವನು ನಾನು. ಒಂದು ಮಾತಿಗೆ ಹತ್ತು ಮಾತು ಸೇರಿಸದೆ ನನಗೆ ಹೇಳಲು ಬರುವುದಿಲ್ಲ. ಅವಸರವಿದ್ದವರು ಈಗಲೇ ಎದ್ದುಹೋದರೂ ಬೇಸರವಿಲ್ಲ. ಗಂಟೆ ಹೊಡೆಯುವ ಮೊದಲೇ ಎದ್ದುಹೋಗುವವರನ್ನು ನಾನು ಬಹಳ ನೋಡಿದ್ದೇನೆ.

ಮೊದಲು ಮರಾಠಿ ಸೀಮೆಯ ಗಡಿಯೂರಾದ ನಮ್ಮ ಜತ್ತದ ಬಿಸಿಲಿನ ಮಾತು. ಹೊರಗಿನಿಂದ ಬಂದವರು ಅದನ್ನು ಬೈಯುತ್ತಾರೆ. ನಾವು ಬೈಯುವುದಿಲ್ಲ. ಅಜ್ಜನ ಸಿಟ್ಟಿನ ಹಾಗೆ ಅದು, ಹೊತ್ತಿಗೆ ಸರಿಯಾಗಿ ಏರುತ್ತದೆ, ಹೊತ್ತಿಗೆ ಸರಿಯಾಗಿ ಇಳಿಯುತ್ತದೆ, ನಡುವೆ ಎದುರಿಗೆ ಸಿಗದಿದ್ದರೆ ಆಯಿತು. ನಮ್ಮದು ಕುರಿ ಕಾಯುವ ಮನೆತನ. ನನ್ನ ಬಾಲ್ಯದ ಬೇಸಿಗೆ ರಜೆಯೆಲ್ಲ ಸೊರಡಿಯಲ್ಲಿ, ಅವ್ವನ ತಮ್ಮ ಬೀರಪ್ಪ ಮಾವನ ಹಿಂಡಿನ ಹಿಂದೆ ಕಳೆಯಿತು. ಸೂರ್ಯ ನೆತ್ತಿಗೆ ಬಂದಾಗ ಕುರಿಗಳು ಮೇಯುವುದನ್ನು ಬಿಟ್ಟು ಗುಂಪುಗೂಡಿ, ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ ನಿಲ್ಲುತ್ತಿದ್ದವು. ಒಂದು ದಿನ ನನಗೆ ದೊಡ್ಡ ಸಂಶಯ ಬಂತು.

“ಮಾವಾ, ನಡುವಿನ ಕುರಿಗೆ ನೆಳ್ಳ ಸಿಗತೈತಿ. ಹೊರಗಿನ ಕುರಿಗೆ ಏನ್ ಸಿಗತೈತಿ?”

“ಹೊರಗಿಂದಕ್ಕ ಬಿಸಲ ಸಿಗತೈತಿ. ಸಾಲಿಗೆ ಹೋಗಾವ ನೀ, ಅಷ್ಟೂ ತಿಳೀಲಿಲ್ಲೇನು?”

ಹೀಗೆ ಅನ್ನುತ್ತಲೇ ತನ್ನ ಕರಿ ಕಂಬಳಿಯ ಒಂದು ತುದಿಯನ್ನು ನನ್ನ ತಲೆಯ ಮೇಲೆ ಎಳೆದ. ವೈಶಾಖದಲ್ಲಿ ಉಣ್ಣೆಯ ಕಂಬಳಿ! ಆದರೆ ಒಳಗೆ ನಿಜಕ್ಕೂ ತಂಪಿತ್ತು. ಕುರಿಯ ವಾಸನೆ, ಒಲೆಯ ಹೊಗೆಯ ವಾಸನೆ, ಅದರ ಜೊತೆಗೆ ಭಂಡಾರದ ವಾಸನೆ. ಭಂಡಾರವೆಂದರೆ ಅರಿಶಿನದ ಪುಡಿ, ನಮ್ಮ ಕುಲದೇವರು ಬೀರೋಬನ ಪ್ರಸಾದ. ಮಾವನ ಸೊಂಟದಲ್ಲಿ ಅದರ ಚೀಲ ಇಲ್ಲದ ದಿನವನ್ನು ನಾನು ನೋಡಿಲ್ಲ. ಕುರಿ ಈದರೆ ಭಂಡಾರ, ಮಳೆ ಬಿದ್ದರೆ ಭಂಡಾರ, ನಾನು ಪರೀಕ್ಷೆಯಲ್ಲಿ ಪಾಸಾದರೆ ಭಂಡಾರ. ಗಣಿತದಲ್ಲಿ ನಾಪಾಸಾದ ವರ್ಷವೂ ಹಚ್ಚಿದ, ಮುಂದಿನ ವರ್ಷದ ಲೆಕ್ಕಕ್ಕೆ.

ಈಗ ಕಾರಿಗೆ ಬರೋಣ. ನಿವೃತ್ತನಾದ ಮೇಲೆ ಕೊಂಡದ್ದು. ನನಗಿಂತ ಮೊದಲು ಇನ್ನೊಬ್ಬರ ಮನೆಯಲ್ಲಿ ಸಂಸಾರ ಮಾಡಿ ಬಂದ ಗಾಡಿ. ಮೊದಲ ದಿನ ಗುಡ್ಡಾಪುರಕ್ಕೆ ಹೋಗಿ ದಾನಮ್ಮ ದೇವಿಗೆ ಕೈಮುಗಿದು ಬಂದೆವು. ಮರುದಿನ ಬೀರಪ್ಪ ಮಾವ ಎಸ್‌ಟಿ ಬಸ್ ಹಿಡಿದು ಬಂದ. ಹೊಸ ಟಗರು ನೋಡುವವನಂತೆ ಗಾಡಿಯ ಸುತ್ತ ತಿರುಗಿ, ಟಾಯರು ಒತ್ತಿ, ಬಾಗಿಲು ತಟ್ಟಿ, “ಬಾಯಾಗಿನ ಹಲ್ಲ ನೋಡಾಕ ಬರೂದಿಲ್ಲ, ಉಳದದ್ದು ಚಲೋ ಐತಿ” ಎಂದು ತೀರ್ಪು ಕೊಟ್ಟ. ಗಾಡಿಯ ಮುಂದೆ ತೆಂಗಿನಕಾಯಿ ಒಡೆದ, ಅದರ ನೀರನ್ನು ಮುಂದಿನ ಜಾಳಿಗೆಗೆ ಚಿಮುಕಿಸಿದ, ಮೇಲೆ ಒಂದು ಮುಷ್ಟಿ ಭಂಡಾರ ತೂರಿದ. “ಬೀರೋಬಾಚ್ಯಾ ನಾವಾನಂ ಚಾಂಗಭಲಂ!” ಎಂದು ಅವನು ಮರಾಠಿಯಲ್ಲಿ ದೇವರ ಜಯಕಾರ ಕೂಗಿದ್ದಕ್ಕೆ ಓಣಿಯ ನಾಯಿಗಳೆಲ್ಲ ಎದ್ದು ನಿಂತವು. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಇದೇ ಪದ್ಧತಿ. ಮಾವ ಬಂದರೆ ಅವನ ಕೈಯಿಂದ, ಬರದಿದ್ದರೆ ನನ್ನ ಕೈಯಿಂದ. ಊರಲ್ಲಿ ನಮ್ಮ ಗಾಡಿಯಷ್ಟು ಲಕ್ಷಣವಾದ ಹಳದಿ ಮೋರೆ ಇನ್ನೊಂದಿರಲಿಲ್ಲ.

ನಮ್ಮ ಒಬ್ಬಳೇ ಮಗಳು ಅಶ್ವಿನಿಯನ್ನು ವಿಜಯಪುರಕ್ಕೆ ಕೊಟ್ಟಿದ್ದೇವೆ. ಆ ಬೇಸಿಗೆಯಲ್ಲಿ ಅವಳು ಚೊಚ್ಚಲ ಬಸುರಿ. ನಾವೇ ಹೋಗಿ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ಕುಬಸ ಮಾಡಿ ಬಂದಿದ್ದೆವು. ಇನ್ನು ಉಳಿದದ್ದು ಅವಳನ್ನು ತವರಿಗೆ ಕರೆತರುವುದು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ಎಲ್ಲರಿಗೂ ಇರುವ ಆಸೆಯೇ. ಆದರೆ ಏಳು ಮುಗಿದು ಎಂಟು ಹತ್ತಿದರೆ ಬಸುರಿಯನ್ನು ದಾರಿ ಹತ್ತಿಸುವುದಿಲ್ಲ. ಏಳರೊಳಗಿನ ಕೊನೆಯ ಒಳ್ಳೆಯ ದಿನವೆಂದು ಒಂದು ಸೋಮವಾರ ಗೊತ್ತಾಯಿತು.

ತೊಡಕು ಒಂದೇ. ಅಶ್ವಿನಿ ಒಮ್ಮೆ ಬಸ್ಸಿನಲ್ಲಿ ಬಿಸಿಲಿಗೆ ತಲೆ ತಿರುಗಿ ಬಿದ್ದಿದ್ದಳು. ಡಾಕ್ಟರಮ್ಮ ಸೆಕೆಯಿಂದ ದೂರ ಇರಲು ಹೇಳಿದ್ದರು. ಬೀಗತಿ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು: “ಮಾಸ್ತರ್ರ, ಸಿಟ್ಟಾಗಬ್ಯಾಡ್ರಿ. ತಂಪ ಗಾಡಿ ಇದ್ರ ಸೋಮವಾರ ಬರ್ರಿ, ಕಳಸ್ತೀನಿ. ಇಲ್ಲಾಂದ್ರ ಬಾಣಂತನ ಇಲ್ಲೇ ಆಗ್ಲಿ, ನಾವೇನು ಪರದೇಶಿಗಳೇನು?”

“ಬೆಳಗಾಗೂದರೊಳಗ ತಂಪ ಹೊತ್ತಿನ್ಯಾಗ ಕರ್ಕೊಂಡು ಬರ್ತೀನ್ರಿ” ಅಂದೆ.

“ಬಸುರಿ ಹೆಂಗಸನ್ನ ಕತ್ತಲಾಗ ದಾರಿ ಹತ್ತಸ್ತಾರೇನ್ರಿ? ಊಟಾ ಮಾಡಿಸಿ, ಉಡಿ ತುಂಬಿ, ಹಗಲಾಗ ಕಳಸ್ತೀನಿ.”

“ನಮ್ಮ ಗಾಡ್ಯಾಗ ಎ.ಸಿ. ಐತ್ರೀ!” ಎಂದು ಎದೆ ಉಬ್ಬಿಸಿ ಫೋನ್ ಇಟ್ಟೆ. ಸಂಜೆ ಹೆಂಡತಿಯನ್ನು ಬಜಾರಿನಿಂದ ಕರೆತರಲು ಹೋಗಿ ಎ.ಸಿ. ಹಾಕಿದರೆ ಭಕ್ಕೆಂದು ಬಿಸಿಗಾಳಿ ಬಂತು. ರೊಟ್ಟಿ ಬೇಯಿಸುವ ಹಂಚಿನ ಮುಂದೆ ಕೂತ ಹಾಗಾಯಿತು. ನಾನು ನನ್ನ ಹೆಂಡತಿ ಮಾಯವ್ವನ ಮುಖ ನೋಡಿದೆ. ಮಾಯವ್ವ ಅದೇ ದಿನ ಕೂಸಿಗೆಂದು ಕೊಂಡಿದ್ದ ಕುಂಚಿಗೆಯ ಬಟ್ಟೆಯನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಬೈದಿದ್ದರೆ ಎಷ್ಟೋ ಸುಖವಿತ್ತು.

ಬಾಡಿಗೆ ಗಾಡಿ ಹುಡುಕಿದೆ. ಲಗ್ನದ ದಿನಗಳು. ಜತ್ತದಲ್ಲಿ ನಾಲ್ಕು ಗಾಲಿ ಇದ್ದದ್ದೆಲ್ಲ ಯಾರದೋ ಮದುವೆಗೆ ಹೊರಟಿತ್ತು. ಇತ್ತ ಅಶ್ವಿನಿ ದಿನಾ ಸಂಜೆ ಫೋನ್ ಮಾಡುವಳು. ಮೊದಲಿನ ಹಾಗೆ ಊಟ ಆಯಿತೇ ಎಂದು ಕೇಳುತ್ತಿರಲಿಲ್ಲ. “ಅಪ್ಪಾ, ಗಾಡಿ ತಂಪಾತೇನು?” ಇದೊಂದೇ.

“ಆಗಾಕತ್ತೈತವ್ವಾ” ಅನ್ನುತ್ತಿದ್ದೆ.

“ನನಗ ಅವ್ವನ ಕಡೆ ಇರಬೇಕನಸತೈತಿ ಅಪ್ಪಾ. ಇಲ್ಲಿ ಎಲ್ಲಾರೂ ಚಲೋನ ಅದಾರ. ಆದ್ರ ಅಂಜಿಕಿ ಬಂದಾಗ ಅವ್ವ ಬೇಕು ನೋಡು.”

ಆಮೇಲೆ ನನಗೆ ಊಟ ಸೇರಲಿಲ್ಲ. ರಿಪೇರಿಗೆ ನಾನೇ ಇಳಿದೆ. ಫೋನಿನಲ್ಲಿ ಮರಾಠಿ ವಿಡಿಯೋ ಒಂದನ್ನು ಹಾಕಿಕೊಂಡು, ಕನ್ನಡದಲ್ಲಿ ನನ್ನನ್ನೇ ಬೈದುಕೊಳ್ಳುತ್ತ, ಗೂಡಿನ ಹಿಂದಿನ ಗಾಳಿಸೋಸಕವನ್ನು ಹೊರಗೆಳೆದೆ. ಅದರೊಳಗೆ ಬೇವಿನ ಎಲೆ ಸಿಕ್ಕಿತು, ಇಲಿಯೊಂದು ಶೇಂಗಾ ತಿಂದು ಬಿಟ್ಟ ಸಿಪ್ಪೆ ಸಿಕ್ಕಿತು. ಎಲ್ಲ ಝಾಡಿಸಿ ಮತ್ತೆ ಕೂಡಿಸಿದೆ. ಗಾಳಿ ಮೊದಲಿಗಿಂತ ಜೋರಾಗಿ ಬಂತು, ಅಂದರೆ ಬಿಸಿಗಾಳಿ ಮೊದಲಿಗಿಂತ ಜೋರಾಗಿ ಬಂತು. ಕೈಯಲ್ಲಿ ಒಂದು ಸ್ಕ್ರೂ ಉಳಿದಿತ್ತು. ಅದು ಎಲ್ಲಿಯದೆಂದು ಇವತ್ತಿಗೂ ಗೊತ್ತಾಗಿಲ್ಲ, ಗಾಡಿಗೂ ಅದರ ನೆನಪು ಬಂದಂತಿಲ್ಲ.

ಇನ್ನು ಊರಿನ ಸಲಹೆಗಾರರು. ಚಹಾದ ಅಂಗಡಿಯವನು, ಪೋಸ್ಟಿನವರು, ನನ್ನ ಹಳೆಯ ಹೆಡ್‌ಮಾಸ್ತರರು, ಎಲ್ಲರದೂ ಒಂದೇ ರೋಗನಿದಾನ: “ಗ್ಯಾಸ್ ಹೋಗೈತ್ರಿ.” ಹೆಡ್‌ಮಾಸ್ತರರಿಗೆ ಸೈಕಲ್ ಬಿಟ್ಟು ಬೇರೆ ವಾಹನ ಬರುವುದಿಲ್ಲ. ಆದರೂ ಅವರ ದನಿಯಲ್ಲಿ ಕಿಂಚಿತ್ತೂ ಸಂಶಯವಿರಲಿಲ್ಲ.

ಗಾಡಿಯನ್ನು ಹಮೀದನ ಗ್ಯಾರೇಜಿಗೆ ಒಯ್ದೆ. ಹಮೀದ ನನ್ನ ಓರಗೆಯವನು, ಮಾತುಗಾರ, ಎಂಜಿನ್ನಿನ ಜೊತೆಗೂ ಮಾತಾಡುತ್ತಾನೆ. ಮಾಯವ್ವನೂ ಬಂದಿದ್ದಳು. ನನ್ನೊಬ್ಬನನ್ನೇ ಕಳಿಸಿದರೆ ಚಹಾ ಕುಡಿದು ಬರುತ್ತೇನೆಂಬ ಗುಮಾನಿ ಅವಳಿಗೆ. ಹಮೀದ ಮೀಟರು ಜೋಡಿಸಿ ಗ್ಯಾಸಿನ ಒತ್ತಡ ನೋಡಿದ. ಕೊಳವೆಯ ಕೀಲುಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿ ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ.

“ಗ್ಯಾಸ್ ಬರೋಬ್ಬರಿ ಐತಿ ಗುರೂಜಿ. ಫ್ಯಾನ್ ತಿರಗತೈತಿ, ಕಂಪ್ರೆಸರೂ ತಿರಗತೈತಿ. ಆದ್ರ ಒತ್ತಡ ಏರಕೋತ ಹೊಂಟೈತಿ. ಕಂಪ್ರೆಸರ್ ಒಳಗ ಏನರೆ ಆಗಿರಬೇಕು. ಸಾಂಗ್ಲಿಯಿಂದ ತರಸಬೇಕಾಗತೈತಿ.”

“ಸೋಮವಾರದೊಳಗ ಆಗತೈತೇನು?”

“ಸುಳ್ಳ ಹೇಳಾಂಗಿಲ್ಲ. ಆಗೂದಿಲ್ಲ.”

ನಾನು ಅಲ್ಲಿದ್ದ ಹಳೆಯ ಟಾಯರಿನ ಮೇಲೆ ಕೂತೆ. ಬೀಗತಿಗೆ ಫೋನ್ ಮಾಡಿ ಏನೆನ್ನಬೇಕೆಂದು ಮನಸ್ಸಿನಲ್ಲೇ ವಾಕ್ಯ ಕಟ್ಟತೊಡಗಿದೆ. ಆಗ ಮಾಯವ್ವ ಕಾರಿನೊಳಗಿಂದಲೇ ಹೇಳಿದಳು:

“ಒಂದ ಮಾತ ಕೇಳಲ್ಯಾ? ಬರೂ ಮುಂದ ಹಾದ್ಯಾಗ ಒಂದೀಟು ತಂಪ ಬಂದಿತ್ರಿ. ಇಲ್ಲಿ ನಿಂತ ಮ್ಯಾಲ ಬಿಸಿ ಆತು. ಅವತ್ತ ಬಜಾರದಾಗೂ ಹಿಂಗ. ಓಡಿದ್ರ ತಂಪ, ನಿಂತ್ರ ಬಿಸಿ. ಇದರ ಅರ್ಥ ಏನ್ರಿ?”

ಅರ್ಥ ನನಗೆಲ್ಲಿ ಗೊತ್ತು! ಆದರೆ ಹಮೀದ ಕೈಯಲ್ಲಿದ್ದ ನಟ್ಟು ತಿರುವುವ ಪಾನಾ ಕೆಳಗಿಟ್ಟ. “ಅಕ್ಕಾ, ಇನ್ನೊಮ್ಮೆ ಹೇಳ್ರಿ” ಅಂದ. ಅವಳು ಇನ್ನೊಮ್ಮೆ ಹೇಳಿದಳು. ಹಮೀದ ಒಂದು ತಂಬಿಗೆ ನೀರು ತಂದು, ಗಾಡಿ ಚಾಲೂ ಇದ್ದಂತೆಯೇ, ಮುಂದಿನ ಜಾಳಿಗೆಯೊಳಗೆ ನಿಧಾನವಾಗಿ ಸುರಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಳಗಿಂದ ಮಾಯವ್ವ, “ಬಂತು! ಬಂತ್ರಿ ತಂಪ!” ಎಂದು ಸಣ್ಣ ಹುಡುಗಿಯ ಹಾಗೆ ಚೀರಿದಳು.

ಆದರೆ ನಾವಿಬ್ಬರು ನೋಡುತ್ತಿದ್ದದ್ದು ನೆಲವನ್ನು. ಗಾಡಿಯ ಕೆಳಗಿಂದ ಹರಿದು ಬರುತ್ತಿದ್ದ ನೀರು ಹಳದಿ ಇತ್ತು. ಸುಮ್ಮನೆ ಹಳದಿಯಲ್ಲ, ನಿಜವಾದ ಗಟ್ಟಿ ಹಳದಿ.

“ಯಾ ಅಲ್ಲಾ” ಎಂದು ಹಮೀದ ಹಿಂದೆ ಸರಿದ. “ಗುರೂಜಿ, ಇಂಥಾ ಎಣ್ಣಿ ಯಾವ ಗಾಡ್ಯಾಗೂ ಇಲ್ಲ. ಮುಟ್ಟಬ್ಯಾಡ್ರಿ!”

ನಾನು ಬಗ್ಗಿ ಬೆರಳು ಅದ್ದಿ ಮೂಸಿದೆ. ಆ ವಾಸನೆಗೆ ಪರಿಚಯ ಬೇಕೇ? “ಹಮೀದ, ಇದು ಎಣ್ಣಿ ಅಲ್ಲೋ. ಇದು ಭಂಡಾರ” ಅಂದೆ. ಅಂದವನಿಗೆ ನಗು ತಡೆಯಲಾಗಲಿಲ್ಲ. ಹಮೀದನೂ ನಕ್ಕ. ನಕ್ಕು ನಕ್ಕು ಅವನ ಕಣ್ಣಲ್ಲಿ ನೀರು ಬಂತು. “ನಾ ಸಾಂಗ್ಲಿಯಿಂದ ಕಂಪ್ರೆಸರ್ ತರಸಾಂವ ಇದ್ನಲ್ಲರೀ!” ಎಂದು ತನ್ನ ಹಣೆ ತಾನೇ ಬಡಿದುಕೊಂಡ.

ನಡೆದದ್ದು ಇಷ್ಟೇ. ಜಾಳಿಗೆಯ ಹಿಂದೆ ಬಾಚಣಿಗೆಯ ಹಲ್ಲಿಗಿಂತ ಸಣ್ಣ ತಗಡಿನ ಎಸಳುಗಳ ಒಂದು ಹಲಗೆ ಇರುತ್ತದೆ. ಗ್ಯಾಸು ತನ್ನ ಬಿಸಿಯನ್ನು ಅಲ್ಲಿ ಹೊರಗಿನ ಗಾಳಿಗೆ ಬಿಟ್ಟು ತಂಪಾಗಬೇಕು. ಅಮಾವಾಸ್ಯೆಗೊಮ್ಮೆ ನಾವು ಆ ಎಸಳುಗಳ ಸಂದಿಗೆ ಭಂಡಾರ ತೂರಿ, ಕಾಯಿನೀರು ಚಿಮುಕಿಸಿ ಕಲಸಿದ್ದೆವು. ಮೇಲೆ ಜತ್ತದ ಧೂಳು ಕೂತಿತು, ಹಾದಿಯ ಕುರಿಗಳ ಉಣ್ಣೆಯೂ ಅಂಟಿತು. ಗಾಡಿ ಓಡುವಾಗ ಎದುರುಗಾಳಿ ಹೇಗೋ ನುಗ್ಗುತ್ತಿತ್ತು. ನಿಂತಾಗ ಫ್ಯಾನು ಬಡಪಾಯಿ ಎಷ್ಟು ತಿರುಗಿದರೂ ಗಾಳಿಗೆ ದಾರಿ ಇರಲಿಲ್ಲ. ನೀರು ಬಿದ್ದಾಗ ಹಲಗೆ ತಣಿಯಿತು, ಒಳಗೆ ತಂಪು ಬಂತು. ದೇವರ ಹೆಸರಿನಲ್ಲಿ ಗೋಡೆಗೆ ಗಿಲಾವು ಮಾಡುವ ಹಾಗೆ ಮಾಡಿದ್ದೆವು ನಾವು.

ಹಮೀದ ಮುಂದಿನ ಬಂಪರ್ ಕಳಚಿದ. ಜೋರಾಗಿ ನೀರು ಹೊಡೆದರೆ ಎಸಳು ಮಡಚಿಕೊಳ್ಳುತ್ತವೆ ಎಂದು ಹೇಳಿ, ಸಣ್ಣ ಧಾರೆ ಬಿಡುತ್ತ ಹೋದ. ನಾನು ಮನೆಯಿಂದ ಆ ಹಳೆಯ ಬ್ರಷ್ ತಂದು, ಎಸಳಿನ ಗುಂಟ ಮೇಲಿಂದ ಕೆಳಕ್ಕೆ ಮೆಲ್ಲಗೆ ಎಳೆಯುತ್ತ ಕೂತೆ. ಜಿಗುಟು ಹಳದಿ ಮುದ್ದೆಗಳು ಬಿದ್ದಂತೆಲ್ಲ ಹಿಂದಿನ ಬೆಳಕು ಕಾಣಿಸತೊಡಗಿತು. ಹಮೀದ ಬಂಪರ್ ಕೂಡಿಸಿ ಗಾಡಿಯನ್ನು ನಿಲ್ಲಿಸಿಯೇ ಎ.ಸಿ. ಹಾಕಿದ. ಮೂವರೂ ಒಳಗೆ ಕೂತು ಕೈ ಚಾಚಿದೆವು. ತಂಪೆಂದರೆ ಎಂಥ ತಂಪು! ಮಾಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ಅಶ್ವಿನಿ ಖೋಲ್ಯಾಗ ಹಾಸಿಗಿ ಹಾಸಬೇಕು, ನಡೀರಿ ಲಗೂನ” ಅಂದಳು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸೋಮವಾರ ಮುಂಜಾನೆ ಬೀರಪ್ಪ ಮಾವ ಬಂದ. ಮೊಮ್ಮಗಳನ್ನು ಕರೆತರಲು ಗಾಡಿ ಹೊರಟಿದೆ, ಭಂಡಾರವಿಲ್ಲದೆ ಹೋಗುವುದುಂಟೇ? ಒಂದು ಕೈಯಲ್ಲಿ ಕಾಯಿ, ಇನ್ನೊಂದು ಕೈ ಚೀಲದೊಳಗೆ. ಮಾವ ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ನನಗೆ ಇಷ್ಟು ವಯಸ್ಸಾದರೂ ಅವನೆದುರು ‘ಬೇಡ’ ಅನ್ನಲು ಬರುವುದಿಲ್ಲ. ಮುಷ್ಟಿ ಎತ್ತಿದ. ನಾನು ಕಣ್ಣು ಮುಚ್ಚಿಕೊಂಡೆ.

“ಮಾವಾರ, ತಡೀರಿ!” ಮಾಯವ್ವ ಗಾಡಿಗೂ ಅವನಿಗೂ ನಡುವೆ ಬಂದು ನಿಂತಿದ್ದಳು. “ಗಾಡಿ ಉಸರಾಡೂದು ಅಲ್ಲಿಂದನ್ರಿ. ನಮ್ಮ ಭಂಡಾರ ಅದರ ಮೂಗಿನ್ಯಾಗ ಹೋಗಿ ಕುಂತು ಉಸರ ಕಟ್ಟಿತ್ತು. ಅದಕ್ಕ ಬಿಸಿ ಆಗಿತ್ರಿ.”

ಮಾವ ಎತ್ತಿದ ಕೈ ಇಳಿಸಲಿಲ್ಲ, ತೂರಲೂ ಇಲ್ಲ. ಈಗ ಚೀಲ ಕಟ್ಟಿಕೊಂಡು ಸೊರಡಿಯ ಬಸ್ ಹಿಡಿಯುತ್ತಾನೆ, ಜನ್ಮದಲ್ಲಿ ನಮ್ಮ ಮನೆಯ ಹೊಸ್ತಿಲು ತುಳಿಯುವುದಿಲ್ಲ ಅಂದುಕೊಂಡೆ. ಅವನು ಕುಕ್ಕರುಗಾಲಲ್ಲಿ ಕೂತು ಜಾಳಿಗೆಗೆ ಕಣ್ಣು ಹಚ್ಚಿ ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಗುಡುಗಿದ:

“ಲೇ ಮಾಸ್ತರಾ, ಇದರ ಮೂಗ ಇಲ್ಲೈತೇನೋ?”

“ಹೌದ್ರಿ ಮಾವಾ.”

“ಇಷ್ಟ ದಿನಾ ನಾ ಇದನ್ನ ಹಣಿ ಅಂತ ತಿಳಕೊಂಡಿದ್ನಲ್ಲೋ! ಕುರಿ ಮೂಗಿನ್ಯಾಗ ಯಾವ ಮಂಗ್ಯಾ ಭಂಡಾರ ತುಂಬತಾನು? ಮೂಕ ಪ್ರಾಣಿಗೆ ಎಷ್ಟ ತ್ರಾಸ ಆಗಿರಬೇಕು! ಸಾಲಿ ಕಲ್ತಾಂವ, ನೀನರೆ ಹೇಳಬಾರದೇನು?”

“ನನಗೂ ಗೊತ್ತಿರಲಿಲ್ರಿ.”

“ಹೋಗ್ಲಿ. ಮತ್ತ ಇದರ ಹಣಿ ಯಾವುದು?”

ಇದು ನಿಜಕ್ಕೂ ಕಠಿಣ ಪ್ರಶ್ನೆ. ಮೂವರೂ ಸೇರಿ ಕಾರಿನ ಹಣೆ ಹುಡುಕಿದೆವು. ಬಾನೆಟ್ ಎಂದು ನಾನು ಸೂಚಿಸಿದೆ. “ಅದು ಬೆನ್ನಿನಂಗ ಕಾಣತೈತಿ” ಎಂದು ಮಾವ ತಳ್ಳಿಹಾಕಿದ. ದೀಪಗಳು ಕಣ್ಣಾದರೆ ಹಣೆ ಅವುಗಳ ಮೇಲೆ ಇರಬೇಕೆಂದು ಮಾಯವ್ವ ವಾದಿಸಿದಳು. ಕೊನೆಗೆ ಮುಂದಿನ ಗಾಜಿನ ಮೇಲ್ಗಡೆ, ಛಾವಣಿ ಶುರುವಾಗುವ ಪಟ್ಟಿಯೇ ಹಣೆ ಎಂದು ಠರಾವಾಯಿತು. ಮಾವ ತುದಿಗಾಲಲ್ಲಿ ನಿಂತು ಅಲ್ಲಿ ಬೆರಳಿನಿಂದ ಒಂದು ಬೊಟ್ಟಿಟ್ಟ. ಕಾಯಿಯನ್ನು ಗಾಲಿಯ ಪಕ್ಕದ ಕಲ್ಲಿಗೆ ಒಡೆದ. ಆದರೂ ಮುಷ್ಟಿಯಲ್ಲಿ ಭಂಡಾರ ಉಳಿದಿತ್ತಲ್ಲ, ಅದನ್ನು ಚೀಲಕ್ಕೆ ಮರಳಿ ಹಾಕುವ ಪದ್ಧತಿ ಇಲ್ಲ. ಇದ್ದಷ್ಟನ್ನೂ ನನ್ನ ಬೋಳುತಲೆಯ ಮೇಲೆ ಸುರುವಿದ. “ಹೊಡ್ಯಾವ್ಗ ಹತ್ತಿದ್ರ ಗಾಡಿಗೂ ಹತ್ತಿದಂಗ. ಹೋಗಿ ಬಾ, ನನ್ನ ಮೊಮ್ಮಗಳನ್ನ ಹುಷಾರ ತಾ” ಅಂದ.

ವಿಜಯಪುರಕ್ಕೆ ನಾನು ಹೋದದ್ದು ಹಳದಿ ತಲೆಯಲ್ಲೇ. ಬೀಗತಿ ನನ್ನನ್ನು ನೋಡಿ ನಗು ನುಂಗಿಕೊಂಡರು, ಆದರೆ ಪರೀಕ್ಷೆಯಲ್ಲಿ ರಿಯಾಯಿತಿ ಕೊಡಲಿಲ್ಲ. ಊಟವಾಯಿತು, ಉಡಿ ತುಂಬುವುದಾಯಿತು. ಸೊಸೆಯನ್ನು ಹೊಸ್ತಿಲಲ್ಲೇ ನಿಲ್ಲಿಸಿ, “ಗಾಡಿ ಚಾಲೂ ಮಾಡ್ರಿ ಮಾಸ್ತರ್ರ, ಮೊದಲ ನಾ ಕುಂತು ನೋಡ್ತೀನಿ” ಎಂದು ತಾವೇ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡರು. ಗಾಡಿ ನಿಂತೇ ಇತ್ತು, ಸುಡುವ ಬಿಸಿಲಿನಲ್ಲಿ. ನಾನು ಹೊರಗೆ ಬೆವರುತ್ತ, ನನ್ನ ಬೆವರಿನ ಜೊತೆ ಹಳದಿಯೂ ಕುತ್ತಿಗೆಗೆ ಇಳಿಯುತ್ತ, ಗಾಜಿನೊಳಗಿನ ಅವರ ಮುಖವನ್ನೇ ನೋಡುತ್ತ ನಿಂತೆ. ಬಹಳ ಹೊತ್ತಾಯಿತು. ಅವರು ಹೊರಗೆ ಬರುವ ಲಕ್ಷಣವಿಲ್ಲ. ಏನೋ ತಪ್ಪಿತೆಂದು ಗಾಬರಿಯಾಗಿ ಬಾಗಿಲು ತೆರೆದೆ.

“ಬಾಗಲಾ ಹಾಕ್ರಿ, ತಂಪ ಹೋಗತೈತಿ!” ಎಂದು ಗದರಿದರು. ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಇಳಿದು, ಅಶ್ವಿನಿಯ ಗದ್ದ ಹಿಡಿದು ಹೇಳಿದರು: “ಹೋಗಿ ಬಾ ನನ್ನವ್ವಾ. ಅವ್ವನ ಕಡೆ ಹೋಗಿ ನಿಶ್ಚಿಂತಿ ಇರು. ತೊಟ್ಟಲಕ್ಕ ನಾ ಬರೂ ಮುಂದ ಇದ ಗಾಡಿ ಕಳಸ್ರಿ ಮಾಸ್ತರ್ರ.” ಅವರ ಕಣ್ಣೂ ತುಂಬಿತ್ತು. ಆಗಷ್ಟೇ ನನಗೆ ತಿಳಿಯಿತು, ಇಷ್ಟು ದಿನ ಅವರು ನನ್ನ ಜೊತೆ ಹಟ ಮಾಡಿದ್ದಲ್ಲ, ಅಂಜಿದ್ದು.

ಗಾಡಿ ಹೊರಟ ಮೇಲೆ ಅಶ್ವಿನಿ ಮೊದಲಿಗೆ ಒಂದೇ ಸಮನೆ ಮಾತಾಡಿದಳು. ಅವ್ವ ಏನು ಅಡಿಗೆ ಮಾಡಿದ್ದಾಳೆ, ಓಣಿಯಲ್ಲಿ ಯಾರ ಮದುವೆಯಾಯಿತು, ನನ್ನ ತಲೆಗೆ ಏನಾಗಿದೆ. ಭಂಡಾರದ ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಬ್ಯಾಡವ್ವಾ ಎಂದು ನಾನೇ ಅಂಜಿದೆ. ದಾರಿಯಲ್ಲಿ ಮುಚ್ಚಂಡಿ ಹಳ್ಳಿಯ ಹತ್ತಿರ ಬರುವಷ್ಟರಲ್ಲಿ ಮಾತು ನಿಂತಿತು. ಕನ್ನಡಿಯಲ್ಲಿ ನೋಡಿದರೆ ಕಿಟಕಿಗೆ ತಲೆಯಾನಿಸಿ ಮಲಗಿದ್ದಳು. ಅಲ್ಲೇ ಒಂದು ಕುರಿಹಿಂಡು ರಸ್ತೆ ದಾಟತೊಡಗಿತು, ನಿಂತೆ. ಬೇರೆ ದಿನವಾದರೆ ಕುರುಬನ ಜೊತೆ ಎರಡು ಮಾತಾಡುತ್ತಿದ್ದೆ. ಅವತ್ತು ಗಾಳಿ ಬರುವ ಕಿಂಡಿಗೆ ಅಂಗೈ ಹಿಡಿದು ಕೂತೆ. ತಂಪು ಕದಲಲಿಲ್ಲ.

ಮನೆಯ ಮುಂದೆ ನಿಲ್ಲಿಸಿದಾಗ ಬಿಸಿಲು ಇನ್ನೂ ಇತ್ತು. ಮಾಯವ್ವ ದೃಷ್ಟಿ ತೆಗೆಯಲು ರೊಟ್ಟಿಯ ತುಣುಕು, ನೀರು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನಾನು ತುಟಿಯ ಮೇಲೆ ಬೆರಳಿಟ್ಟು ಹಿಂದಿನ ಸೀಟು ತೋರಿಸಿದೆ. ಅವಳು ತಂಬಿಗೆಯನ್ನು ಕಟ್ಟೆಯ ಮೇಲಿಟ್ಟಳು, ಸದ್ದಾಗದಂತೆ ಬಾಗಿಲು ತೆರೆದು ಮಗಳ ಪಕ್ಕದಲ್ಲಿ ಕೂತಳು, ಸದ್ದಾಗದಂತೆ ಮುಚ್ಚಿದಳು. ಮಗಳ ತಲೆಯನ್ನು ತನ್ನ ಹೆಗಲಿಗೆ ತಂದುಕೊಂಡಳು. ಎಂಜಿನ್ ಆರಿಸಲು ನನಗೆ ಮನಸ್ಸಾಗಲಿಲ್ಲ. ಮೂವರೂ ಹಾಗೇ ಕೂತೆವು.

ಎಷ್ಟೋ ಹೊತ್ತಿನ ಮೇಲೆ ಅಶ್ವಿನಿ ಕಣ್ಣು ತೆರೆಯದೆಯೇ ಅವ್ವನ ಸೆರಗನ್ನು ತನ್ನ ಮೇಲೆ ಎಳೆದುಕೊಂಡಳು.

“ಅಪ್ಪಾ, ಥಂಡಿ ಆಗಾಕತ್ತೈತಿ. ಎ.ಸಿ. ಸಣ್ಣ ಮಾಡೋ.”

ಮಾಡಿದೆ. ಆ ಬೇಸಿಗೆಯಲ್ಲಿ ಆ ಗುಂಡಿಯನ್ನು ನಾನು ಕಡಿಮೆಯ ಕಡೆಗೆ ತಿರುಗಿಸಿದ್ದು ಅದೇ ಮೊದಲು.